ವಾಣಿಜ್ಯ ವಿಪಿಎನ್ ಸೇವೆಗಳ ವಿಶ್ವಾಸಾರ್ಹತೆ

ವಿಪಿಎನ್ ಎಂದರೆ ಫೋನು ಅಥವಾ ಕಂಪ್ಯೂಟರಿನಿಂದ ಹೊರಡುವ ಅಂತರ್ಜಾಲ ಸಂಚಾರವನ್ನು ಗೂಢಲಿಪಿಗೆ ತಿರುಗಿಸಿ, ಬೇರೊಂದು ಸಂಸ್ಥೆಯ ಸರ್ವರ್ ಮೂಲಕ ಹಾಯಿಸುವ ವ್ಯವಸ್ಥೆ. ಆಗ ಮನೆಗೆ ಸಂಪರ್ಕ ಕೊಟ್ಟ ಕಂಪನಿಗೆ ನಾವು ಯಾವ ತಾಣಕ್ಕೆ ಹೋದೆವೆಂದು ಕಾಣುವುದಿಲ್ಲ. ವಿಪಿಎನ್ ಕಂಪನಿಗೆ ಕಾಣುತ್ತದೆ. ಅಂದರೆ ನಂಬಬೇಕಾದ ಅಗತ್ಯ ತಪ್ಪುವುದಿಲ್ಲ, ನಂಬಬೇಕಾದವರು ಬದಲಾಗುತ್ತಾರೆ. ಆಯ್ಕೆಯ ವಿಚಾರವೆಲ್ಲ ಇಲ್ಲಿಂದಲೇ ಶುರುವಾಗಬೇಕು.

ಕಾಸರಗೋಡು ಜಿಲ್ಲೆಗೆ ಇದು ದೂರದ ಸಂಗತಿಯಲ್ಲ. ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಅನೇಕ ಮನೆಗಳ ದುಡಿಮೆ ಕೊಲ್ಲಿ ನಾಡುಗಳಲ್ಲಿದೆ. ಯುಎಇಯಲ್ಲಿ ವಾಟ್ಸಾಪ್ ಕರೆಗಳಿಗೆ ಬಹುಕಾಲದಿಂದ ತಡೆಯಿದೆ, ಅದನ್ನು ದಾಟಲು ವಿಪಿಎನ್ ನೆನಪಾಗುತ್ತದೆ. ಹೀಗಾಗಿ ಒಂದೇ ಕುಟುಂಬದ ಎರಡು ಫೋನುಗಳು ಎರಡು ಕಾನೂನುಗಳ ಕೆಳಗೆ ಬರುತ್ತವೆ. ಯುಎಇಯ 2021ರ ಸೈಬರ್ ಅಪರಾಧ ಕಾನೂನಿನ ಪ್ರಕಾರ, ಅಪರಾಧ ಎಸಗಲು ಅಥವಾ ಅದು ಪತ್ತೆಯಾಗದಂತೆ ಮಾಡಲು ಐಪಿ ವಿಳಾಸ (ಅಂತರ್ಜಾಲದಲ್ಲಿ ಸಾಧನದ ಗುರುತು) ಮರೆಮಾಚಿದರೆ 5 ಲಕ್ಷದಿಂದ 20 ಲಕ್ಷ ದಿರ್ಹಮ್ ದಂಡ ಬೀಳಬಹುದು. ಭಾರತದಲ್ಲಿ ವಿಪಿಎನ್ ಬಳಕೆಗೆ ದೇಶವ್ಯಾಪಿ ನಿಷೇಧವಿಲ್ಲ. ಆದರೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸೇವೆ ಕೊಡುವವರು ಗ್ರಾಹಕರ ಹೆಸರು, ವಿಳಾಸ, ಕೊಟ್ಟ ಐಪಿ ವಿಳಾಸ, ಬಳಕೆಯ ಉದ್ದೇಶ ಇವನ್ನೆಲ್ಲ 5 ವರ್ಷ ಕಾಯ್ದಿಡಬೇಕು. ಇದನ್ನು ಒಪ್ಪದೆ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಕಂಪನಿಗಳು ಇಲ್ಲಿನ ಸರ್ವರುಗಳನ್ನು ತೆಗೆದವು. ಎಕ್ಸ್‌ಪ್ರೆಸ್‌ವಿಪಿಎನ್‌ನಲ್ಲಿ 'ಭಾರತ' ಎಂದು ಒತ್ತಿದರೆ ಭಾರತದ ಐಪಿ ವಿಳಾಸವೇನೋ ಸಿಗುವಂತಾಯಿತು, ಯಂತ್ರ ಮಾತ್ರ ಸಿಂಗಾಪುರದಲ್ಲೋ ಬ್ರಿಟನ್ನಿನಲ್ಲೋ ಇತ್ತು. ಪರದೆಯ ಮೇಲಿನ ಬಾವುಟ ನೋಡಿ ಯಾವ ಕಾನೂನು ಅನ್ವಯಿಸುತ್ತದೆಂದು ತೀರ್ಮಾನಿಸಲಾಗದು.

'ದಾಖಲೆ ಇಡುವುದಿಲ್ಲ ಎಂದು ಕಂಪನಿಯೇ ಹೇಳುತ್ತದಲ್ಲ' ಎನ್ನಬಹುದು. ಆ ಮಾತಿಗೆ ಬೆಲೆ ಬರುವುದು ಪರೀಕ್ಷೆಯ ಹೊತ್ತಿನಲ್ಲಿ. ಹಾಗೆ ಹೇಳಿಕೊಂಡಿದ್ದ ಪ್ಯೂರ್‌ವಿಪಿಎನ್ ಕೊಟ್ಟ ದಾಖಲೆಗಳು ಅಮೆರಿಕದ ಎಫ್‌ಬಿಐಗೆ ಒಂದು ತನಿಖೆಯಲ್ಲಿ ನೆರವಾದವೆಂಬುದು 2017ರಲ್ಲಿ ಬಯಲಾಯಿತು. ಸ್ವೀಡನ್ನಿನ ಮುಲ್ವಾಡ್ ಎಂಬ ವಿಪಿಎನ್ ಕಂಪನಿಯ ಕಚೇರಿಗೆ 2023ರ ಏಪ್ರಿಲ್‌ನಲ್ಲಿ ಶೋಧಕ್ಕೆ ಬಂದ ಪೊಲೀಸರು ಗ್ರಾಹಕರ ಮಾಹಿತಿಯಿಲ್ಲದೆ ಹಿಂದಿರುಗಿದರು. ಉಚಿತ ಸೇವೆಯ ಅಪಾಯಕ್ಕೆ ಫೇಸ್‌ಬುಕ್ ಒಡೆತನದ ಒನಾವೋ ಎಂಬ ವಿಪಿಎನ್ ಆ್ಯಪ್ ಸಾಕ್ಷಿ: ರಕ್ಷಣೆಯ ಹೆಸರಿನಲ್ಲಿ ಬಳಕೆದಾರರ ಆ್ಯಪ್ ಬಳಕೆಯನ್ನು ಗಮನಿಸುತ್ತಿದ್ದ ಅದು 2019ರಲ್ಲಿ ಮುಚ್ಚಿತು.

'ತಪ್ಪು ಮಾಡದವರಿಗೆ ಇದೆಲ್ಲ ಏಕೆ' ಎಂಬುದು ಇನ್ನೊಂದು ಆಕ್ಷೇಪ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಹಕ್ಕನ್ನು ಅನುಭವಿಸಲು ಯಾರೂ ತಮ್ಮ ನಿರಪರಾಧಿತ್ವವನ್ನು ಸಾಬೀತು ಮಾಡಬೇಕಾಗಿಲ್ಲ. ಹಾಗೆಂದು ಪ್ರತಿಯೊಬ್ಬರಿಗೂ ವಿಪಿಎನ್ ಬೇಕೆಂದಲ್ಲ. ಬ್ಯಾಂಕಿನ ತಾಣದ ಸಂಚಾರ ಸುರಕ್ಷಿತ ಸಂಪರ್ಕ ವಿಧಾನವಾದ ಎಚ್‌ಟಿಟಿಪಿಎಸ್‌ನಿಂದ ಆಗಲೇ ಗೂಢಲಿಪಿಯಲ್ಲಿರುತ್ತದೆ. ಗೂಗಲ್ ಖಾತೆಗೆ ಲಾಗಿನ್ ಆದವರನ್ನು ಗೂಗಲ್ ವಿಪಿಎನ್ ಇದ್ದರೂ ಗುರುತಿಸುತ್ತದೆ. ಆದ್ದರಿಂದ ಯಾರಿಂದ ಏನನ್ನು ಮರೆಮಾಚಬೇಕೆಂದು ಮೊದಲು ನಿಶ್ಚಯಿಸಿಕೊಂಡು, ಆಮೇಲೆ ಕಂಪನಿಯ ಒಡೆತನ, ಆದಾಯದ ಮೂಲ, ಅದಕ್ಕೆ ಅನ್ವಯಿಸುವ ಕಾನೂನು, ಸ್ವತಂತ್ರ ತಪಾಸಣೆ ಇವನ್ನು ನೋಡಬೇಕು. ಕೇಳಿದಾಗ ಕೊಡಲು ತನ್ನ ಬಳಿ ಏನೂ ಇಲ್ಲದಂತೆ ನಡೆಯುವ ಸೇವೆಯೇ ಹೆಚ್ಚು ನಂಬಿಕೆಗೆ ಅರ್ಹ.