ಹಳದಿ ಕಾಣದ ಕಾಮಣಿ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಕಣ್ಣು ಹಳದಿಯಾದರೆ ‘ಕಾಮಣಿ ಆಗೇದ’ ಎನ್ನುತ್ತಾರೆ. ಹಳದಿ ಇಳಿದರೆ ಮನೆಯವರು ನಿರಾಳ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಮಟ್ಟಿಗೆ ಈ ನಿರಾಳ ಬಹುಪಾಲು ಸರಿಯೇ. ಹೆಪಟೈಟಿಸ್ ಬಿ ಹಾಗಲ್ಲ. ಕೂಸಿನಲ್ಲಿ ಅದು ಸಾಮಾನ್ಯವಾಗಿ ಹಳದಿ ತೋರಿಸದೆಯೇ ಮನೆ ಮಾಡುತ್ತದೆ.

ಅದರ ಸುಳಿವು ಸಿಕ್ಕಿದ್ದು 1960ರ ದಶಕದಲ್ಲಿ, ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಬರೂಕ್ ಬ್ಲೂಂಬರ್ಗ್ ಕಂಡ ಪ್ರೋಟೀನಿನಿಂದ. 1976ರಲ್ಲಿ ಅವರಿಗೆ ನೊಬೆಲ್ ಬಂತು. ರಕ್ತಪರೀಕ್ಷೆ ಬಳಕೆಗೆ ಬಂದ ಮೇಲೆ ರೋಗದ ನಡೆ ತಿಳಿಯಿತು. ಹೆರಿಗೆಯ ಹೊತ್ತಿಗೆ ತಾಯಿಯಿಂದ ಸೋಂಕು ತಗುಲಿದ 100 ಕೂಸುಗಳಲ್ಲಿ ಸುಮಾರು 90ರಲ್ಲಿ ಅದು ಉಳಿದುಬಿಡುತ್ತದೆ. ದೊಡ್ಡವರಲ್ಲಿ ಸುಮಾರು 5ರಲ್ಲಿ ಮಾತ್ರ. ಎಳೆಯ ದೇಹ ವೈರಾಣುವಿನೊಡನೆ ಜಗಳಕ್ಕೇ ಇಳಿಯುವುದಿಲ್ಲ. ಮಗು ಆಡುತ್ತದೆ, ಶಾಲೆಗೆ ಹೋಗುತ್ತದೆ. ಹರೆಯದಲ್ಲೋ ಆಮೇಲೋ ಜಗಳ ಶುರುವಾದಾಗ ಗಾಯಗೊಳ್ಳುವುದು ಯಕೃತ್ತು. ಹಲವರಲ್ಲಿ ಅದು ತಣ್ಣಗಾಗುತ್ತದೆ. ಕೆಲವರಲ್ಲಿ ದಶಕಗಳ ಬಳಿಕ ಸಿರೋಸಿಸ್, ಕ್ಯಾನ್ಸರ್.

1984ರಲ್ಲಿ ತೈವಾನ್ ನವಜಾತ ಶಿಶುಗಳಿಗೆ ಲಸಿಕೆ ಆರಂಭಿಸಿತು. ಹತ್ತೇ ವರ್ಷಗಳಲ್ಲಿ ಅಲ್ಲಿನ ಮಕ್ಕಳ ಯಕೃತ್ತಿನ ಕ್ಯಾನ್ಸರ್ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಭಾರತದಲ್ಲಿ ಪ್ರಯೋಗ ಶುರುವಾದದ್ದು 2002ರಲ್ಲಿ. 2007–08ರಲ್ಲಿ ಕರ್ನಾಟಕವೂ ಸೇರಿ 10 ರಾಜ್ಯಗಳಿಗೆ, 2011ರ ಹೊತ್ತಿಗೆ ಇಡೀ ದೇಶಕ್ಕೆ ವಿಸ್ತರಿಸಿತು.

ಇಂದು ಚೊಚ್ಚಲ ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳಲ್ಲಿ ಬಹಳ ಮಂದಿ ಹುಟ್ಟಿದ್ದು ಅದಕ್ಕೂ ಮೊದಲು. ಅವರಿಗೆ ಬಸಿರಿನಲ್ಲೊಂದು ರಕ್ತಪರೀಕ್ಷೆ, ಕೂಸಿಗೆ ಹುಟ್ಟಿದ 24 ಗಂಟೆಯೊಳಗೆ ಮೊದಲ ಚುಚ್ಚುಮದ್ದು ಬೇಕು. ತವರಿನಿಂದ ಮರಳುವಾಗ ತೊಟ್ಟಿಲ ಜೊತೆಗೆ ತಾಯಿ ಕಾರ್ಡೂ ಬರಲಿ. ಅದರಲ್ಲಿ ಆ ಮೊದಲ ದಿನದ ತಾರೀಖು ಇರಲಿ.