ಕ್ಲಾಸಿಫೈಡ್ ಪುಟದಲ್ಲಿ ಅಡಗಿದ್ದ ಬ್ಲಾಕ್‌ಚೈನ್

ಬ್ಲಾಕ್‌ಚೈನ್ ಅಂದ ಕೂಡಲೇ ನೆನಪಾಗೋದು ಬಿಟ್‌ಕಾಯಿನ್ ಅಲ್ವಾ? ಆದರೆ ಬಿಟ್‌ಕಾಯಿನ್ ಹುಟ್ಟೋಕೆ ಎಷ್ಟೋ ವರ್ಷ ಮೊದಲೇ, 1995ರಿಂದ, ಒಂದು ಬ್ಲಾಕ್‌ಚೈನ್‌ನ ಗುರುತು ದಿನಪತ್ರಿಕೆಯಲ್ಲಿ ಅಚ್ಚಾಗ್ತಾ ಇತ್ತು. ಅದೂ ಎಲ್ಲಿ? ನ್ಯೂಯಾರ್ಕ್ ಟೈಮ್ಸ್‌ನ ಕ್ಲಾಸಿಫೈಡ್ ಪುಟದಲ್ಲಿ, ಕಳೆದುಹೋದ ವಸ್ತುಗಳ ಜಾಹೀರಾತುಗಳ ಜೊತೆ!

ಕಥೆ ಶುರುವಾಗೋದು ಅಮೆರಿಕದ ಬೆಲ್‌ಕೋರ್ ಸಂಶೋಧನಾ ಸಂಸ್ಥೆಯಲ್ಲಿ. ಸ್ಟುವರ್ಟ್ ಹೇಬರ್ ಗೂಢಲಿಪಿ ತಜ್ಞ, ಸ್ಕಾಟ್ ಸ್ಟಾರ್ನೆಟ್ಟಾ ಭೌತವಿಜ್ಞಾನಿ. ಇಬ್ಬರನ್ನೂ ಕಾಡಿದ ಪ್ರಶ್ನೆ ಒಂದೇ. ಕಾಗದದ ಮೇಲೆ ತಿದ್ದಿದರೆ ಗುರುತು ಉಳಿಯುತ್ತೆ. ಕಂಪ್ಯೂಟರ್ ಫೈಲ್ ತಿದ್ದಿದರೆ? ತಾರೀಕನ್ನೂ ಬದಲಾಯಿಸಿಬಿಡಬಹುದು. ಹಾಗಾದರೆ ನಾಳೆ ಯಾವ ದಾಖಲೆಯನ್ನು ನಂಬೋದು?

ಅರ್ಧ ಉತ್ತರ ‘ಹ್ಯಾಶ್’ನಲ್ಲಿತ್ತು. ಎಷ್ಟೇ ದೊಡ್ಡ ಫೈಲ್ ಕೊಟ್ಟರೂ ಗಣಿತ ಅದಕ್ಕೊಂದು ಪುಟ್ಟ ಸಂಕೇತ ಕೊಡುತ್ತೆ, ಬೆರಳಚ್ಚಿನ ಥರ. ಒಂದು ಅಲ್ಪವಿರಾಮ ಬದಲಾದರೂ ಸಂಕೇತ ಪೂರ್ತಿ ಬೇರೆ. ಸರಿ, ಆ ಸಂಕೇತಗಳನ್ನು ಕಾಯೋರು ಯಾರು? ಬೇಲಿಯೇ ಎದ್ದು ಹೊಲ ಮೇಯ್ದರೆ? ಅವನ ಮೇಲೊಬ್ಬ ಕಾವಲುಗಾರ, ಆ ಕಾವಲುಗಾರನ ಮೇಲೆ ಇನ್ನೊಬ್ಬ... ಕೊನೆಯೇ ಇಲ್ಲ.

ಹಾಗಿದ್ರೆ ಊರನ್ನೇ ಸಾಕ್ಷಿ ಮಾಡಿಬಿಟ್ಟರೆ? 1991ರ ಅವರ ಪ್ರಬಂಧದ ಯೋಚನೆ ಇದೇ. ಪ್ರತಿ ಹೊಸ ದಾಖಲೆಯೊಳಗೆ ಹಿಂದಿನದರ ಗುರುತನ್ನೂ ಸೇರಿಸಿ ಹೆಣೆಯೋದು. ನಡುವೆ ಒಂದನ್ನು ತಿದ್ದಿದರೆ ಮುಂದಿನ ಕೊಂಡಿಗಳೆಲ್ಲ ಕಳಚಿಕೊಳ್ಳುತ್ತವೆ. ಆಮೇಲೆ ಅವರು ಶ್ಯೂರಿಟಿ ಅನ್ನೋ ಕಂಪನಿ ಕಟ್ಟಿದರು. ಗ್ರಾಹಕರ ದಾಖಲೆಗಳನ್ನೆಲ್ಲ ಸೇರಿಸಿ ಬಂದ ಒಂದೇ ಸಂಕೇತ ವಾರಕ್ಕೊಮ್ಮೆ ಪತ್ರಿಕೆಗೆ ಹೋಗ್ತಿತ್ತು. ಇನ್ನು ಕಂಪನಿಯೇ ಮೋಸ ಮಾಡಬೇಕಂದ್ರೂ ಮನೆಮನೆ, ಲೈಬ್ರರಿ ಲೈಬ್ರರಿ ಸುತ್ತಿ ಹಳೇ ಪತ್ರಿಕೆಗಳನ್ನೆಲ್ಲ ತಿದ್ದಬೇಕು!

ಇಲ್ಲೊಂದು ಮಾತು. ಜಮೀನು ದಾಖಲೆ, ಮಾರ್ಕ್ಸ್ ಕಾರ್ಡ್ ಎಲ್ಲವನ್ನೂ ಬ್ಲಾಕ್‌ಚೈನ್‌ಗೆ ಹಾಕಿದರೆ ಮೋಸ ನಿಲ್ಲುತ್ತೆ ಅಂತಾರಲ್ಲ, ಅದು ಅರ್ಧಸತ್ಯ. ದಾಖಲೆ ಆಮೇಲೆ ಬದಲಾಗಿಲ್ಲ ಅಂತ ಅದು ಹೇಳಬಲ್ಲದು. ಮೊದಲ ದಿನವೇ ಸುಳ್ಳು ಬರೆಸಿದ್ದರೆ, ಆ ಸುಳ್ಳೂ ಅಷ್ಟೇ ಭದ್ರ.

2008ರ ಅಕ್ಟೋಬರ್ 31ಕ್ಕೆ ಸತೋಶಿ ನಕಾಮೊಟೊ ಹೆಸರಲ್ಲಿ 9 ಪುಟದ ಪ್ರಬಂಧ ಬಂತು. ಅದರ 8 ಉಲ್ಲೇಖಗಳಲ್ಲಿ 3 ಈ ಜೋಡಿಯವೇ. ಸತೋಶಿ ಪತ್ರಿಕೆಯನ್ನೂ ಕಂಪನಿಯನ್ನೂ ತೆಗೆದು ಆ ಜಾಗಕ್ಕೆ ಜಗತ್ತಿನ ಕಂಪ್ಯೂಟರ್‌ಗಳನ್ನು ತಂದರು. ಹಳೇ ಲೆಕ್ಕ ತಿದ್ದೋದನ್ನು ಭಾರೀ ದುಬಾರಿ ಮಾಡಿದರು.

ತಮಾಷೆ ಅಂದ್ರೆ, 2009ರ ಜನವರಿ 3ರ ತಾರೀಕಿನ ಮೊದಲ ಬ್ಲಾಕ್‌ನೊಳಗೆ ಅವರು ಹುದುಗಿಸಿಟ್ಟಿದ್ದು ಆ ದಿನದ ಲಂಡನ್‌ನ ‘ದಿ ಟೈಮ್ಸ್’ ಪತ್ರಿಕೆಯ ತಲೆಬರಹ. ಬ್ಯಾಂಕುಗಳನ್ನು ಸರ್ಕಾರ ಮತ್ತೆ ಕೈಹಿಡಿದೆತ್ತೋ ಸುದ್ದಿ.