ಕೇದಾರದ ಹಿಮಗಿರಿಯೂ ನಮ್ಮ ಕೆರೆಯೂ



ಹಿಮಾಲಯವನ್ನು ಕಣ್ಣಾರೆ ಕಾಣದ ಅಜ್ಜಿಯೂ ನಮ್ಮ ಸೀಮೆಯಲ್ಲಿ ಕೇದಾರನಾಥನ ಹೆಸರನ್ನು ಬಲ್ಲಳು. ಅದಕ್ಕೆ ಕಾರಣವುಂಟು. ಪಂಚಪೀಠಗಳಲ್ಲಿ ಒಂದಾದ ಕೇದಾರಪೀಠವು ಊಖೀಮಠದಲ್ಲಿದೆ. ಅದರ ಅಧಿಪತಿಗಳಾದ ರಾವಲರೂ, ಅವರ ಆಜ್ಞೆಯಂತೆ ಕೇದಾರದಲ್ಲಿ ಪೂಜೆ ನಡೆಸುವ ಅರ್ಚಕರೂ ಪರಂಪರೆಯಿಂದ ಕನ್ನಡ ನಾಡಿನ ವೀರಶೈವ ಜಂಗಮರು. ಆ ಹಿಮಗಿರಿ ದೂರವಾದರೂ ನಮಗೆ ಪರಕೀಯವಲ್ಲ.

ಗೌರಿಕುಂಡದಿಂದ ಕಾಲ್ನಡಿಗೆಯಲ್ಲಿ ಏರಬೇಕು. ಕೆಳಗೆ ಮಂದಾಕಿನಿಯ ಭೋರ್ಗರೆತ, ಮೇಲೆ ಬಿಳಿಯ ಶಿಖರಗಳ ಮೌನ. ಸುಮಾರು 3,580 ಮೀಟರ್ ಎತ್ತರದಲ್ಲಿ ಆ ಶಿಲಾಮಂದಿರ ಕಂಡಾಗ ದಣಿದ ಯಾತ್ರಿಕನ ಅಹಂಕಾರ ತಾನೇ ಕರಗುತ್ತದೆ.

ಆದರೆ ಅಲ್ಲಿಯ ಒಂದು ಪದ್ಧತಿಯನ್ನು ಗಮನಿಸಿರಿ. ದೀಪಾವಳಿಯ ಬಳಿಕ ಭ್ರಾತೃದ್ವಿತೀಯೆಯಂದು ದೇವಾಲಯದ ಬಾಗಿಲು ಮುಚ್ಚುತ್ತದೆ. ಉತ್ಸವಮೂರ್ತಿಯು ಡೋಲಿಯಲ್ಲಿ ಊಖೀಮಠಕ್ಕೆ ಇಳಿಯುತ್ತದೆ. ಸುಮಾರು ಆರು ತಿಂಗಳು ಪೂಜೆ ಅಲ್ಲಿಯೇ. ಮತ್ತೆ ಬಾಗಿಲು ತೆರೆಯುವ ತಿಥಿಯನ್ನು ಮಹಾಶಿವರಾತ್ರಿಯಂದು ಅಲ್ಲಿ ಸಾರುತ್ತಾರೆ. ದೇವರೇ ಹಿಮಕ್ಕೆ ದಾರಿ ಬಿಟ್ಟುಕೊಡುತ್ತಾನೆ! ಪ್ರಕೃತಿಗೂ ತನ್ನದೊಂದು ಕಾಲವುಂಟು, ತನ್ನದೊಂದು ಸ್ಥಳವುಂಟು ಎಂಬುದು ಹಿರಿಯರ ಅರಿವು.

ಈ ಅರಿವನ್ನು ನಾವು ಮರೆತೆವು. ನದಿ ಹರಿಯುವ ಪಾತ್ರದಲ್ಲಿಯೇ ವಸತಿಗೃಹಗಳನ್ನೂ ಅಂಗಡಿಗಳನ್ನೂ ಕಟ್ಟಿದೆವು. 2013ರ ಜೂನ್ 16 ಮತ್ತು 17ರಂದು ಅತಿವೃಷ್ಟಿಯಾಗಿ, ಮೇಲಿನ ಚೋರಾಬಾರಿ ಸರೋವರ ಒಡೆದು, ನೀರೂ ಬಂಡೆಗಳೂ ಒಟ್ಟಿಗೆ ನುಗ್ಗಿದವು. ಆ ಪ್ರಳಯದಲ್ಲಿ ಉತ್ತರಾಖಂಡದಲ್ಲಿ ಸಾವಿರಾರು ಜನ ಮಡಿದರು. ದೇವಾಲಯದ ಹಿಂಬದಿಗೆ ಉರುಳಿ ಬಂದು ನಿಂತ ಮಹಾಶಿಲೆಯೊಂದು ಪ್ರವಾಹವನ್ನು ಇಬ್ಭಾಗಿಸಿತು, ಗುಡಿ ಉಳಿಯಿತು. ಗುಡಿ ಉಳಿದುದನ್ನು ಪವಾಡವೆಂದು ಕೈಮುಗಿಯುವುದು ಸುಲಭ. ಊರು ಏಕೆ ಉಳಿಯಲಿಲ್ಲವೆಂದು ಕೇಳಿಕೊಳ್ಳುವುದೇ ಕಷ್ಟ. ಅದೇ ನಿಜವಾದ ಭಕ್ತಿ.

ಕೆರೆಬಿಳಚಿಯ ಭಕ್ತರಿಗೆ ಈ ಮಾತು ದೂರದ್ದಲ್ಲ. ನಿಮ್ಮ ಮಗ್ಗುಲಲ್ಲಿಯೇ, ಹರಿದ್ರೆಯನ್ನು ತಡೆದು ಹಿರಿಯರು ಕಟ್ಟಿದ ಸೂಳೆಕೆರೆ ಶಾಂತಿಸಾಗರವಾಗಿ ಹರಡಿದೆ. ಅದರ ಅಂಗಳವನ್ನು ಒತ್ತಿ, ಅದಕ್ಕೆ ನೀರು ತರುವ ಹಳ್ಳಗಳನ್ನು ಮುಚ್ಚಿ, ಆಮೇಲೆ ಕೇದಾರಕ್ಕೆ ಹೋಗಿ ಮಂದಾಕಿನಿಯಲ್ಲಿ ಮಿಂದರೆ ಫಲವೇನು? ಕೇದಾರಯಾತ್ರೆಗೆ ಶಕ್ತಿಯಿದ್ದವರು ಹೋಗಿಬನ್ನಿರಿ. ಇಲ್ಲದವರು ಕೊರಗಬೇಡಿರಿ. ನೀರಿಗೆ ಅದರ ಸ್ಥಳವನ್ನು ಬಿಟ್ಟುಕೊಡಿರಿ. ಕೆರೆಯ ಏರಿಯ ಮೇಲೆಯೇ ನಿಮಗೆ ಕೇದಾರದ ದರ್ಶನವಾದೀತು.